ಫೋಟೊ ಎಲ್ಲಿಯದು? ಎರಡು ಸಾವಿರದ ಆ್ಯಪ್ ಮತ್ತು ಪುಕ್ಕಟೆ ಗೂಗಲ್ ಅರ್ತ್

ಫೋಟೊ ನೋಡಿ ಜಾಗ ಹುಡುಕುವ ಆಟದಲ್ಲಿ ಗೆದ್ದದ್ದು, ಮೇಲಿನಿಂದ ತೆಗೆದ ಭೂಮಿಯ ಚಿತ್ರ ತೋರಿಸುವ ಗೂಗಲ್ ಅರ್ತ್ ಪ್ರೋ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವ ಅಭ್ಯಾಸ ನನಗಿಲ್ಲ. ಹಳೆಯ ಕಂಪ್ಯೂಟರು, ರಾತ್ರಿ ಊಟದ ನಂತರದ ಎರಡು ಗಂಟೆ, ಖರ್ಚು ಸೊನ್ನೆ. ಮತ್ತೆ ಉಳಿದವುಗಳ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, 1,999 ರೂಪಾಯಿ ಕಳಕೊಂಡವನಿಗೆ ಅದನ್ನು ಎಲ್ಲಾದರೂ ಹೇಳದಿದ್ದರೆ ನಿದ್ರೆ ಬರುವುದಿಲ್ಲ.

ಹಿನ್ನೆಲೆ ಇಷ್ಟು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಭಾವ ಒಂದು ಫೋಟೊ ಹಾಕುತ್ತಾರೆ. ಭಾವ ಎಂದರೆ ಅಕ್ಕನ ಗಂಡ, ಕಾಸರಗೋಡು ಬದಿಯ ಕುಂಬಳೆಯಲ್ಲಿದ್ದಾರೆ, ಪೆನ್ಶನ್ ಆದ ಮೇಲೆ ಇದೇ ಕೆಲಸ. "ಎಲ್ಲಿಯದು, ಯಾವ ಕಾಲದ್ದು, ಹೇಳಿ ನೋಡುವ" ಎಂದು ಒಂದು ಸಾಲು, ಅಷ್ಟೇ. ಯಾರಿಗೂ ಫೋನ್ ಮಾಡಿ ಕೇಳಬಾರದು. ಉತ್ತರದ ಜೊತೆ ಅದು ಹೇಗೆ ಗೊತ್ತಾಯಿತು ಎಂದೂ ಹೇಳಬೇಕು, ಅಂದಾಜಿಗೆ ಹೊಡೆದರೆ ಮಾರ್ಕಿಲ್ಲ. ಒಂದು ವಾರ ಬೇಕಲ ಕೋಟೆಯ ಬುರುಜು, ಇನ್ನೊಂದು ವಾರ ಎಲ್ಲಿಯದೋ ದೇಶದ ಬಸ್‌ಸ್ಟ್ಯಾಂಡ್. ಸುಡೊಕು ಬಿಡಿಸುವವರಿಗೆ ಸುಡೊಕು ಹೇಗೋ ನನಗೆ ಇದು ಹಾಗೆ.

ಆ್ಯಪಿನ ಕಥೆ ಮೊದಲು. ಹೆಸರು ಹೇಳುವುದಿಲ್ಲ, ಅಂಥವು ಹತ್ತಾರು ಉಂಟು. ಫೋಟೊ ಹಾಕಿದರೆ ಜಾಗ ಹೇಳುತ್ತದಂತೆ. ಒಂದು ವಾರ ಒಂದು ರೂಪಾಯಿಗೆ ನೋಡಿ, ಇಷ್ಟವಾದರೆ ವರ್ಷಕ್ಕೆ 1,999. ಒಂದು ರೂಪಾಯಿ ತಾನೆ ಎಂದು ಯುಪಿಐ ಪಿನ್ ಒತ್ತಿದೆ. ಮೊದಲ ಪರೀಕ್ಷೆಗೆ ನಮ್ಮದೇ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ಫೋಟೊ ಹಾಕಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದಾಚೆ ತೆಂಗು. ಮೂರು ಸೆಕೆಂಡಿನಲ್ಲಿ ಉತ್ತರ ಬಂತು: ರತ್ನಾಗಿರಿ, ಶೇಕಡಾ 92 ಖಚಿತ. ಇನ್ನೊಂದು ಮಗ್ಗುಲಿನ ಫೋಟೊ ಹಾಕಿದೆ. ಗೋವಾ, ಶೇಕಡಾ 88. ನಮ್ಮ ಮನೆ ಒಂದೇ ಮಧ್ಯಾಹ್ನದಲ್ಲಿ ಎರಡು ರಾಜ್ಯ ಸುತ್ತಿತು!

ಇದರಲ್ಲಿ ಯಂತ್ರದ ತಪ್ಪು ಮಾತ್ರ ಅಲ್ಲ, ನ್ಯಾಯವಾಗಿ ಹೇಳಬೇಕು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಅದೇ ನಮೂನೆಯ ಹಂಚು ಪಡುಗಡಲ ಕರಾವಳಿಯ ಉದ್ದಕ್ಕೂ ಹೋಯಿತು. ಮುರಕಲ್ಲು, ಹಂಚು, ತೆಂಗು ಮೂರನ್ನೂ ನೋಡಿ ಕೊಂಕಣದಿಂದ ಕೋಝಿಕ್ಕೋಡಿನವರೆಗೆ ಎಲ್ಲಿ ಬೇಕಾದರೂ ಬೆರಳಿಡಬಹುದು. ಆದರೆ ಹಾಗಿರುವಾಗ "ಗೊತ್ತಾಗಲಿಲ್ಲ" ಎನ್ನಬೇಕಲ್ಲ? ಶೇಕಡಾ 92 ಎಂಬ ಆ ಧೈರ್ಯ ಎಲ್ಲಿಂದ ಬಂತು?

ಆ್ಯಪನ್ನು ಎರಡನೇ ದಿನವೇ ಕಿತ್ತು ಹಾಕಿದೆ. ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಫೋನಿನಿಂದ ಆ್ಯಪ್ ತೆಗೆದರೆ ಆಟೊಪೇ, ಅಂದರೆ ದುಡ್ಡು ತಾನಾಗಿ ಕಡಿತವಾಗುವ ಒಪ್ಪಿಗೆ, ಹೋಗುವುದಿಲ್ಲ, ಅದು ಬ್ಯಾಂಕಿನ ಕಡೆ ಹಾಗೇ ಕೂತಿರುತ್ತದೆ. ಆ ಒಂದು ರೂಪಾಯಿಗೆ ಪಿನ್ ಒತ್ತಿದಾಗ ನಾನು ಒಪ್ಪಿಕೊಂಡದ್ದು ಒಂದು ರೂಪಾಯಿಗಲ್ಲ, ಮುಂದಿನ ಪ್ರತಿ ವರ್ಷದ 1,999ಕ್ಕೆ. ಮತ್ತೆ ಹದಿನೈದು ಸಾವಿರದವರೆಗಿನ ಇಂಥ ಕಡಿತಕ್ಕೆ ಪ್ರತಿ ಸಲ ಪಿನ್ ಕೇಳುವ ನಿಯಮವೂ ಇಲ್ಲ, 2022ರಲ್ಲಿ ರಿಸರ್ವ್ ಬ್ಯಾಂಕು ಐದು ಸಾವಿರದ ಮಿತಿಯನ್ನು ಅಷ್ಟಕ್ಕೆ ಏರಿಸಿದೆ. ಹಿಂದಿನ ದಿನ ಒಂದು ಮೆಸೇಜು ಬರುತ್ತದೆ, ನಿಜ. ನನಗೂ ಬಂದಿತ್ತು. ಆಗ ನಾನು ಎಲ್ಲಿದ್ದೆ? ಕುಟುಂಬದ ಕೋಲದಲ್ಲಿ. ಫೋನ್ ಜೇಬಿನಲ್ಲಿ ಗುಂಯ್ ಎಂದಿತು, ದೈವ ನುಡಿ ಕೊಡುತ್ತಿತ್ತು. ದೈವದ ಎದುರು ಫೋನ್ ತೆಗೆದು ನೋಡುವ ಎದೆಗಾರಿಕೆ ನನಗಿಲ್ಲ. ಮರುದಿನ ಮಧ್ಯಾಹ್ನ ಎದ್ದು ನೋಡಿದರೆ ದುಡ್ಡು ಹೋಗಿ ಆಗಿದೆ.

ಕಂಪನಿಗೆ ಇಮೇಲ್ ಮಾಡಿದೆ. ಬಂದ ಉತ್ತರ ನಯವಾಗಿತ್ತು, ದುಡ್ಡು ಬರಲಿಲ್ಲ. ರದ್ದು ಮಾಡುವ ಜಾಗ ಯುಪಿಐ ಆ್ಯಪಿನೊಳಗೇ ಆಟೊಪೇ ಎಂಬ ಹೆಸರಲ್ಲಿ ಉಂಟು. ನನ್ನದರಲ್ಲಿ ಪ್ರೊಫೈಲಿನ ಚಿತ್ರ ಒತ್ತಿ ಕೆಳಗೆ ಇಳಿದ ಮೇಲೆ ಸಿಕ್ಕಿತು. ಅಲ್ಲಿ ನೋಡಿದರೆ ಮಗಳು ಯಾವಾಗಲೋ ಸೇರಿದ್ದ ಹಾಡಿನ ಆ್ಯಪೂ ಜೀವಂತ ಇತ್ತು. ಅದನ್ನೂ ಕಡಿದೆ. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಈಗ ಗೂಗಲ್ ಲೆನ್ಸ್, ಫೋಟೊ ತೋರಿಸಿದರೆ ಅದು ಏನು ಎಂದು ಹುಡುಕಿ ಹೇಳುವಂಥದ್ದು. ಮಗಳ ಆಯ್ಕೆ ಇದು. ಮಂಗಳೂರಿಗೆ ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ನಿಂತುಕೊಂಡು ಉತ್ತರ ಹಾಕಿಬಿಡುತ್ತಾಳೆ. ಹೆಸರಾದ ದೇವಸ್ಥಾನ, ಕೋಟೆ, ಸೇತುವೆ ಎಲ್ಲ ಇದಕ್ಕೆ ನೀರು ಕುಡಿದಷ್ಟು ಸುಲಭ. ಮಧೂರಿನ ಆನೆಬೆನ್ನಿನ ಗರ್ಭಗುಡಿಯನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳಿತು. ಅಂಗಡಿಯ ಬೋರ್ಡು ಓದುವುದರಲ್ಲೂ ಇದನ್ನು ಮೀರಿಸುವುದು ಇಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನನಗೆ ಮಲಯಾಳಂ ಮಾತಾಡಲು ಬರುತ್ತದೆ, ಬೋರ್ಡಿನ ಅಲಂಕಾರದ ಅಕ್ಷರ ಓದುವಾಗ ತಡವರಿಸುತ್ತೇನೆ. ಅಲ್ಲಿ ಲೆನ್ಸ್ ಬೇಕೇ ಬೇಕು.

ಆದರೆ ಇದಕ್ಕೆ ಅಂಗಡಿಯ ಬುದ್ಧಿ. ಕೊಡೆ ಹಿಡಿದ ಅಜ್ಜನೊಬ್ಬ ತೋಡಿನ ಸಂಕ ದಾಟುವ ಫೋಟೊ ಹಾಕಿದರೆ, ಕೊಡೆ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂದು ತೋರಿಸುತ್ತದೆ. ಅಜ್ಜನನ್ನೂ ಕೊಡೆಯನ್ನೂ ಬಿಟ್ಟು ಹಿಂದಿನ ಗುಡ್ಡದ ಏಣಿನ ಸುತ್ತ ಮಾತ್ರ ಚೌಕ ಎಳೆದರೆ ಸ್ವಲ್ಪ ದಾರಿಗೆ ಬರುತ್ತದೆ.

ಯಾಂಡೆಕ್ಸ್ ರಷ್ಯದವರ ಹುಡುಕುತಾಣ, ಅದಕ್ಕೂ ಫೋಟೊ ಕೊಟ್ಟು ಹುಡುಕಬಹುದು. ಕಟ್ಟಡಗಳ ವಿಷಯದಲ್ಲಿ ಇದರ ಕಣ್ಣು ಬೇರೆಯೇ. ಭಾವ ಒಮ್ಮೆ ಸಮುದ್ರಜೀವಿಯ ಹಾಗೆ ಬಾಯಿ ತೆರೆದು ಕೂತ, ಮೈತುಂಬ ಬಣ್ಣದ ಕಲ್ಲು ಹುಗಿದ ಬಸ್ ತಂಗುದಾಣವೊಂದನ್ನು ಹಾಕಿದ್ದರು. ಲೆನ್ಸ್ ಬಚ್ಚಲಿಗೆ ಹಾಕುವ ಮೊಸಾಯಿಕ್ ತೋರಿಸಿತು. ಯಾಂಡೆಕ್ಸ್ ಸೀದಾ ಕಪ್ಪು ಸಮುದ್ರದ ದಡದ ಅಬ್ಖಾಜಿಯಕ್ಕೆ ಕರೆದುಕೊಂಡು ಹೋಯಿತು. ಸೋವಿಯತ್ ಕಾಲದಲ್ಲಿ, 1960ರ ದಶಕದಲ್ಲಿ, ಜುರಾಬ್ ತ್ಸೆರೆತೆಲಿ ಎಂಬ ಕಲಾವಿದ ಅಲ್ಲಿ ಅಂಥ ತಂಗುದಾಣಗಳ ಸಾಲನ್ನೇ ಮಾಡಿದ್ದಾನೆ. ಆ ರಾತ್ರಿ ಒಂದೂವರೆವರೆಗೆ ಅವನ್ನೇ ನೋಡುತ್ತ ಕೂತೆ. ನಮ್ಮೂರಿನ ಫೋಟೊಗಳಿಗೆ ಮಾತ್ರ ಯಾಂಡೆಕ್ಸಿನಿಂದ ನನಗೆ ಏನೂ ಸಿಕ್ಕಿಲ್ಲ.

ಟಿನ್‌ಐ ಕೆನಡಾದ್ದು, 2008ರಿಂದ ಉಂಟು, ಅದೇ ಫೋಟೊದ ಪ್ರತಿ ಮತ್ತೆಲ್ಲಿ ಉಂಟು ಎಂದಷ್ಟೇ ಹೇಳುತ್ತದೆ. "ನಾನೇ ತೆಗೆದದ್ದು" ಎಂದು ಭಾವ ಹಾಕಿದ ಜಲಪಾತ ಪ್ರವಾಸಿ ಜಾಹೀರಾತಿನದ್ದು ಎಂದು ಹಿಡಿದುಕೊಟ್ಟದ್ದು ಅದೇ.

ನೆರಳು ನೋಡಿ ದಿಕ್ಕು, ಹೊತ್ತು ಲೆಕ್ಕ ಹಾಕುವ ಸನ್‌ಕಾಲ್ಕ್ ಕೂಡ ಪುಕ್ಕಟೆ. ಚೆನ್ನಾಗಿದೆ, ಆದರೆ ಹೊರದೇಶದವರು ಹೇಳಿಕೊಡುವ ಒಂದು ಸೂತ್ರ ನಮ್ಮಲ್ಲಿ ಕೈಕೊಡುತ್ತದೆ. ನಡುಮಧ್ಯಾಹ್ನದ ನೆರಳು ಬಡಗಿಗೆ, ಅಂದರೆ ಉತ್ತರಕ್ಕೆ, ಬಿದ್ದರೆ ಭೂಮಧ್ಯರೇಖೆಗಿಂತ ಮೇಲಿನ ಊರು, ತೆಂಕಿಗೆ, ಅಂದರೆ ದಕ್ಷಿಣಕ್ಕೆ, ಬಿದ್ದರೆ ಕೆಳಗಿನದು ಅನ್ನುತ್ತಾರೆ. (ತೆಂಕು, ಬಡಗು ಎಂದ ಕೂಡಲೇ ನಮ್ಮವರಿಗೆ ಯಕ್ಷಗಾನದ ಆಟದ ನೆನಪು, ಅದು ಬೇರೆ ವಿಷಯ.) ಕಾಸರಗೋಡು ಇರುವುದು ಹನ್ನೆರಡೂವರೆ ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಬಡಗು ಬದಿಗೆ ಹೋಗಿರುತ್ತಾನೆ, ನೆರಳು ತೆಂಕಿಗೆ. ಮೇ ತಿಂಗಳಲ್ಲಿ ಅಡಿಕೆ ಒಣಗಿಸುವ ಅಂಗಳದಲ್ಲಿ ನಿಂತವರಿಗೆಲ್ಲ ಇದು ಗೊತ್ತು. ಆ ಸೂತ್ರ ನಂಬಿ ನಾನೊಮ್ಮೆ ನಮ್ಮದೇ ಬದಿಯಡ್ಕದ ಫೋಟೊಕ್ಕೆ ಮಡಗಾಸ್ಕರ್ ಎಂದು ಬರೆದಿದ್ದೆ. ಗುಂಪಿನಲ್ಲಿ ಇವತ್ತಿಗೂ ನನ್ನನ್ನು ಮಡಗಾಸ್ಕರ್ ಮಾವ ಎಂದು ಕರೆಯುವ ಮಕ್ಕಳುಂಟು.

ಇನ್ನು ಅರ್ತ್ ಪ್ರೋ. ಒಂದು ಕಾಲದಲ್ಲಿ ವರ್ಷಕ್ಕೆ 399 ಡಾಲರ್ ಇದ್ದದ್ದನ್ನು 2015ರ ಜನವರಿಯಲ್ಲಿ ಗೂಗಲ್ ಪುಕ್ಕಟೆ ಮಾಡಿತು. ಅದು ಉತ್ತರ ಹೇಳುವುದಿಲ್ಲ, ನೋಡಲು ಬಿಡುತ್ತದೆ, ಅಷ್ಟೇ. ನನಗೆ ಬೇಕಾದದ್ದು ಅದೇ. ಒಂದು ಉದಾಹರಣೆ ಕೊಡುತ್ತೇನೆ.

ಕಳೆದ ಮಳೆಗಾಲದಲ್ಲಿ ಭಾವ ಹಾಕಿದ ಫೋಟೊ: ರಸ್ತೆ ಬದಿಯಲ್ಲಿ ದೊಡ್ಡ ಗೋಳಿಮರ, ಬುಡದಲ್ಲಿ ಶೀಟಿನ ಮಾಡಿನ ಚಾ ಅಂಗಡಿ, ಬೆಂಚಿನಲ್ಲಿ ಇಬ್ಬರು, ಅವರ ಕಾಲ ಬುಡದಲ್ಲಿ ಒಂದು ಮೈಲುಗಲ್ಲಿನ ತಲೆ. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುವುದರಿಂದ ಅಕ್ಷರವೆಲ್ಲ ಗಂಜಿ. "ಭಾವ, ಡಾಕ್ಯುಮೆಂಟ್ ಮಾಡಿ ಕಳಿಸಿ" ಎಂದೆ. ಕಳಿಸಿದರು. ಈಗ ಅಂಗಡಿಯ ಬೋರ್ಡಿನಲ್ಲಿ ಫೋನ್ ನಂಬರಿನ ಮೊದಲ ಐದು ಅಂಕಿ, ಅಂದರೆ ಊರಿನ ಎಸ್‌ಟಿಡಿ ಕೋಡು, ಕಂಡಿತು: 04998. ಕಾಸರಗೋಡು ಪೇಟೆಯಾದರೆ 04994, ಕಾಞಂಗಾಡಾದರೆ 0467, ಪುತ್ತೂರಾದರೆ 08251. ಹಾಗಾದರೆ ಇದು ಮಂಜೇಶ್ವರ, ಉಪ್ಪಳ, ಕುಂಬಳೆಯ ಬದಿ. ಮೈಲುಗಲ್ಲಿನ ತಲೆ ಹಳದಿ, ಅಂದರೆ ರಾಷ್ಟ್ರೀಯ ಹೆದ್ದಾರಿ. ಒಳರಸ್ತೆ ಯಾವುದೂ ಅಲ್ಲ. ಅದರ ಮೇಲೆ 17 ಎಂದು ಉಂಟು. ಅದು ನಮ್ಮ ಹೆದ್ದಾರಿಯ ಹಳೆಯ ನಂಬರು, 66 ಆದದ್ದು 2010ರಲ್ಲಿ. ಕಲ್ಲುಗಳು ಆಮೇಲೂ ಕೆಲವು ವರ್ಷ ಹಾಗೇ ಇದ್ದವು, ಆದ್ದರಿಂದ ಕಾಲದ ಬಗ್ಗೆ ಪೂರ್ತಿ ನಂಬಲಿಲ್ಲ.

ಹುಡುಕಬೇಕಾದ ರಸ್ತೆ ಈಗ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರಿಗೆ ಇಳಿಯಿತು. ರಸ್ತೆಯಲ್ಲಿ ನಿಂತು ನೋಡಿದ ಹಾಗೆ ಫೋಟೊ ತೋರಿಸುವ ಗೂಗಲ್ಲಿನ ಸ್ಟ್ರೀಟ್ ವ್ಯೂ ನೋಡಿದರೆ ಪ್ರಯೋಜನವಿಲ್ಲ. ಅದು ನಮ್ಮ ದೇಶಕ್ಕೆ ಸರಿಯಾಗಿ ಕಾಲಿಟ್ಟದ್ದೇ 2022ರಲ್ಲಿ, ಅಷ್ಟರಲ್ಲಿ ಇಲ್ಲಿ ಆರು ಪಥದ ಕೆಲಸ ಶುರುವಾಗಿತ್ತು. ತಲಪಾಡಿಯಿಂದ ಚೆಂಗಳದವರೆಗೆ ಈಗ ಗೋಡೆ, ಸರ್ವಿಸ್ ರೋಡು, ಮತ್ತೆ ಗೋಡೆ. ಹುಟ್ಟಿದ ಊರಿನಲ್ಲೇ ಬಸ್ಸಿಳಿಯುವ ಜಾಗ ತಪ್ಪುತ್ತದೆ ಮಾರಾಯ್ರೆ.

ಅರ್ತ್ ಪ್ರೋದಲ್ಲಿ ಮೇಲಿನ ಗಡಿಯಾರದ ಗುರುತು ಒತ್ತಿದರೆ ಕಾಲದ ಪಟ್ಟಿ ಬರುತ್ತದೆ. ಹತ್ತು ಹನ್ನೆರಡು ವರ್ಷ ಹಿಂದಕ್ಕೆ ಎಳೆದೆ. ಗೋಡೆಗಳು ಮಾಯ, ತೆಳ್ಳಗಿನ ಹಳೆಯ ರಸ್ತೆ ಹಸುರಿನ ನಡುವೆ ಎದ್ದು ಬಂತು. ತಲಪಾಡಿಯಿಂದ ಕೆಳಗೆ ಬಂದೆ, ಕುಂಜತ್ತೂರು, ಹೊಸಂಗಡಿ, ಉಪ್ಪಳ, ಪ್ರತಿಯೊಂದು ದೊಡ್ಡ ಮರದ ತಲೆಯನ್ನೂ ನೋಡುತ್ತ. ಮೇಲಿನಿಂದ ಗೋಳಿಮರ ಹೂಕೋಸಿನ ಹಾಗೆ ಕಾಣುತ್ತದೆ, ತೆಂಗು ನಕ್ಷತ್ರದ ಹಾಗೆ, ಅಷ್ಟು ಕಲಿತಿದ್ದೆ. ಎರಡನೇ ರಾತ್ರಿ ಬಂದ್ಯೋಡು ದಾಟಿ ಶಿರಿಯದ ಕಡೆಗೆ ಬರುವಾಗ, ರಸ್ತೆ ಸಣ್ಣಗೆ ಬಳುಕುವಲ್ಲಿ, ಪಡು ಬದಿಗೆ ಒಂದು ದೊಡ್ಡ ಹೂಕೋಸು. ಅದರ ಅಂಚಿನಲ್ಲಿ ಉಗುರಿನಷ್ಟು ಬಿಳಿ ಚುಕ್ಕೆ ಹೊಳೆಯುತ್ತಿತ್ತು. ಶೀಟು! ಫೋಟೊದಲ್ಲಿ ಅಂಗಡಿಯ ಹಿಂದೆ ಮಸುಕಾಗಿ ಕಾಣುವ ನೀರಿನ ಟ್ಯಾಂಕಿ ಇಲ್ಲೂ ಅದೇ ದೂರದಲ್ಲಿ, ಅದೇ ಬದಿಯಲ್ಲಿ. ಹೊರಗೆ ಮಳೆ ಹೊಯ್ಯುತ್ತಿತ್ತು, ಮನೆಯಲ್ಲಿ ಎಲ್ಲರೂ ಮಲಗಿದ್ದರು, ನಾನೊಬ್ಬನೇ ಕುರ್ಚಿಯಿಂದ ಎದ್ದು ನಿಂತಿದ್ದೆ. ಪಟ್ಟಿಯನ್ನು ಈಚೆಗೆ ಎಳೆದಾಗ ಒಂದು ವರ್ಷದವರೆಗೆ ಮರ ಉಂಟು, ಮುಂದಿನ ಚಿತ್ರದಲ್ಲಿ ಕೆಂಪು ಮಣ್ಣು, ಅದರ ಮುಂದಿನದರಲ್ಲಿ ಡಾಂಬರು.

ಅರ್ತ್ ಪ್ರೋಗೂ ಕೊರತೆ ಉಂಟು. ವರ್ಷದಿಂದ ವರ್ಷಕ್ಕೆ ಚಿತ್ರ ಕೆಲವು ಮೀಟರ್ ಅತ್ತಿತ್ತ ಜರುಗಿರುತ್ತದೆ. ಮಳೆಗಾಲದ ಚಿತ್ರಗಳಲ್ಲಿ ಮೋಡ ಬಿಟ್ಟರೆ ಬೇರೆ ಇಲ್ಲ. ತುಂಬ ಹಿಂದಕ್ಕೆ ಹೋದರೆ ನಮ್ಮ ಕಡೆ ಎಲ್ಲ ಮಸಿ ಬಳಿದ ಹಾಗೆ. ಅಜ್ಜನ ಕಾಲದ ಕಪ್ಪುಬಿಳುಪು ಫೋಟೊ ಆದರೆ ಇದನ್ನು ಮುಚ್ಚಿ ಬಾಸೆಲ್ ಮಿಶನ್ನಿನ ಸಂಗ್ರಹಕ್ಕೆ ಹೋಗಬೇಕು, ದಕ್ಷಿಣ ಕನ್ನಡದ ಹಳೆಯ ಚಿತ್ರಗಳನ್ನು ಅವರು ಅಂತರ್ಜಾಲದಲ್ಲಿ ಇಟ್ಟಿದ್ದಾರೆ.

ಬಸ್ಸಿನಲ್ಲಿ ನಿಂತು ಬಿಡಿಸುವವರಾದರೆ ಲೆನ್ಸ್ ಸಾಕು, ಮಗಳ ಜೊತೆ ನನಗೆ ಜಗಳ ಇಲ್ಲ. ಹೊರದೇಶದ ಕಟ್ಟಡ ಬಂದರೆ ನಾನೂ ಯಾಂಡೆಕ್ಸಿಗೇ ಹೋಗುತ್ತೇನೆ. ದುಡ್ಡು ಕೊಡುವ ಆ್ಯಪ್ ಇನ್ನು ಈ ಮನೆಯ ಜಗಲಿ ಹತ್ತುವುದಿಲ್ಲ. ನನ್ನಂತೆ ರಾತ್ರಿ ಕೂತು, ಕಣ್ಣು ಉರಿಯುವವರೆಗೆ ಮರ ಎಣಿಸುವ ಮರುಳಿದ್ದರೆ ಮಾತ್ರ ಅರ್ತ್ ಪ್ರೋ.

ಉತ್ತರ ಹಾಕಿದಾಗ ಭಾವ ಮಾರ್ಕು ಕೊಡಲಿಲ್ಲ, ಫೋನ್ ಮಾಡಿದರು. ಕಾಸರಗೋಡು ಸರಕಾರಿ ಕಾಲೇಜಿಗೆ ಹೋಗುವಾಗ ಬಸ್ ಕಾಯುತ್ತಿದ್ದದ್ದು ಆ ಮರದ ಬುಡದಲ್ಲಂತೆ.

"ಮೇಲಿನಿಂದ ಕಾಣುತ್ತದಾ? ಮರ ಕಾಣುತ್ತದಾ?"

"ಕಾಣುತ್ತದೆ ಭಾವ. ಅಂಗಡಿಯ ಶೀಟೂ ಕಾಣುತ್ತದೆ."

"ಅದನ್ನು ಒಂದು ಪ್ರಿಂಟ್ ತೆಗೆಸಲಿಕ್ಕೆ ಆಗ್ತದಾ?"

ಅರ್ತ್ ಪ್ರೋದಲ್ಲಿ ಚಿತ್ರವನ್ನು ದೊಡ್ಡದಾಗಿ ಉಳಿಸಿಕೊಳ್ಳಬಹುದು. ಕುಂಬಳೆಯ ಸ್ಟುಡಿಯೊದಲ್ಲಿ ಫ್ರೇಮ್ ಸಹಿತ 180 ರೂಪಾಯಿ ಆಯಿತು. ಸ್ಟುಡಿಯೊದ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಯಾವ ಬದಿ ಮೇಲೆ ಎಂದು ಕೇಳಿದ.