71 ಡಿಗ್ರಿನಾ, 82 ಡಿಗ್ರಿನಾ? ಲಾರಿಗೆ ಎರಡೂ ಥರ್ಮೋಸ್ಟಾಟ್ ವಾಲ್ವ್ ಹಾಕಿ ನೋಡಿದೆ

ಕೋಲಾರ ಎಪಿಎಂಸಿಯಿಂದ ಚೆನ್ನೈಗೆ ಟೊಮೆಟೊ ಲೋಡ್ ಹೊಡೆಯುವವರಿಗೆ ಮೊಗಿಲಿ ಘಾಟ್ ಗೊತ್ತೇ ಇರುತ್ತದೆ. ಹೋಗುವಾಗ ಇಳಿಜಾರು, ತೊಂದರೆ ಇಲ್ಲ. ವಾಪಸ್ ಲೋಡ್ ತುಂಬಿಕೊಂಡು ಚಿತ್ತೂರು ದಾಟಿ ಪಲಮನೇರು ಕಡೆ ಹತ್ತುವಾಗ ನನ್ನ ಆರು ಚಕ್ರದ ಲಾರಿಯ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿಬಿಡುತ್ತಿತ್ತು.

"82ರ ವಾಲ್ವ್ ತೆಗೆದು 71 ಹಾಕಣ್ಣಾ, ತಣ್ಣಗಿರುತ್ತೆ" ಎಂದರು ಒಬ್ಬ ಮೆಕ್ಯಾನಿಕ್. ಅವರು ಹೇಳಿದ್ದು ಥರ್ಮೋಸ್ಟಾಟ್ ವಾಲ್ವ್, ಅಂದರೆ ಇಂಜಿನ್ ನೀರು ಬಿಸಿಯಾದಾಗ ಬಾಯಿ ತೆರೆದು ಅದನ್ನು ತಣ್ಣಗಾಗಲು ರೇಡಿಯೇಟರ್‌ಗೆ ಬಿಡುವ ವಾಲ್ವ್. ಇನ್ನೊಬ್ಬರು ಥರ್ಮೋಸ್ಟಾಟೇ ಬೇಡ, ಕಿತ್ತು ಹಾಕು ಎಂದರು. 82, 71, ವಾಲ್ವ್ ಇಲ್ಲದೆ, ಮೂರನ್ನೂ ಮಾಡಿ ನೋಡಿದೆ.

ಹಾಕುವ ಮೊದಲು ಎರಡೂ ವಾಲ್ವ್‌ಗಳನ್ನು ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆ. ಒಳಗಿರುವ ಮೇಣ ಕರಗಿ ಹಿಗ್ಗಿದಾಗ ವಾಲ್ವ್ ಬಾಯಿ ಬಿಡುತ್ತದೆ. 71ರದ್ದು ಮೊದಲು ಉಗುರು ತೂರುವಷ್ಟು ಸಂದು ಬಿಟ್ಟಿತು. 82ರದ್ದು ಆಗ ಬಿಗಿಯಾಗಿ ಮುಚ್ಚಿತ್ತು. ನೀರು 95ರ ಹತ್ತಿರ ಬಂದಾಗ ಎರಡೂ ಪೂರ್ತಿ ತೆರೆದಿದ್ದವು. ನಮ್ಮ ಕೋಲಾರದ ಎತ್ತರಕ್ಕೆ ನೀರು ಸುಮಾರು 97ಕ್ಕೇ ಕುದಿಯುತ್ತದೆ, ಹಾಗಾಗಿ ಕುದಿಯುವವರೆಗೂ ಕಾಯಬೇಡಿ.

ಅಲ್ಲೇ ನನಗೆ ಅರ್ಥವಾಯಿತು. ವಾಲ್ವ್ ಮೇಲಿನ ನಂಬರ್ ಅದು ತೆರೆಯಲು ಶುರುಮಾಡುವ ಬಿಸಿ, ಅಷ್ಟೇ. ಪೂರ್ತಿ ತೆರೆದ ಮೇಲೆ ಎರಡೂ ಒಂದೇ ಅಲ್ವಾ? ಆಮೇಲಿನ ಕೆಲಸವೆಲ್ಲ ರೇಡಿಯೇಟರ್‌ದು. ಘಾಟ್‌ನಲ್ಲೂ ಹಾಗೇ ಆಯಿತು. 71 ಹಾಕಿದಾಗ ಮುಳ್ಳು ಸ್ವಲ್ಪ ತಡವಾಗಿ ಹತ್ತಿತು, ಆದರೆ ಹೋಗಿ ನಿಂತದ್ದು ಅದೇ ಕೆಂಪಿನಲ್ಲಿ.

ವಾಲ್ವ್ ಇಲ್ಲದೆ ಓಡಿಸಿದ್ದು ಇನ್ನೂ ಕೆಟ್ಟದಾಯಿತು. ನನ್ನ ಇಂಜಿನ್‌ನಲ್ಲಿ ಬಿಸಿಯಾದಾಗ ಬೈಪಾಸ್ ದಾರಿ ಮುಚ್ಚುವುದೂ ಅದೇ ವಾಲ್ವ್. ಅದು ಇಲ್ಲದಿದ್ದರೆ ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಸೀದಾ ಇಂಜಿನ್‌ಗೇ ವಾಪಸ್. ಘಾಟ್ ಅರ್ಧ ಹತ್ತುವ ಮೊದಲೇ ಲಾರಿ ನಿಲ್ಲಿಸಬೇಕಾಯಿತು. ಡಿಸೆಂಬರ್‌ನ ಬೆಳಗಿನ ಜಾವ ಹೊರಟರೆ ಇದರ ಉಲ್ಟಾ: ಮುಳಬಾಗಿಲು ದಾಟಿದರೂ ಇಂಜಿನ್ ಬಿಸಿಯಾಗದೆ ಬಿಳಿ ಹೊಗೆ. ತಣ್ಣನೆ ಇಂಜಿನ್ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಪಿಸ್ಟನ್ ಓಡಾಡುವ ಬೋರ್ ಬೇಗ ಸವೆಯುತ್ತದೆ.

ನಿಜವಾದ ರೋಗ ರೇಡಿಯೇಟರ್‌ನಲ್ಲಿತ್ತು. ವರ್ಷಗಟ್ಟಲೆ ನಾನೇ ಬೋರ್‌ವೆಲ್ ನೀರು ಸುರಿದಿದ್ದೆ. ಬಿಚ್ಚಿಸಿದಾಗ ಟ್ಯೂಬ್‌ಗಳ ಒಳಗೆ ಹಂಡೆಯ ತಳದಲ್ಲಿ ಕಟ್ಟುವಂಥ ಬಿಳಿ ಉಪ್ಪಿನ ಪದರ. ರಾಡ್ ಹಾಕಿಸಿ ಕ್ಲೀನ್ ಮಾಡಿಸಿದೆ. ಡಿಸ್ಟಿಲ್ಡ್ ವಾಟರ್‌ಗೆ ಅರ್ಧಕ್ಕರ್ಧ ಕೂಲೆಂಟ್ ಸೇರಿಸಿ ತುಂಬಿದೆ. ಕಂಪನಿ ಕೊಟ್ಟ 82ನ್ನೇ ವಾಪಸ್ ಹಾಕಿದೆ. ಈಗ ಏಪ್ರಿಲ್ ಮಧ್ಯಾಹ್ನದಲ್ಲೂ ಮುಳ್ಳು ಕೆಂಪು ಮುಟ್ಟುವುದಿಲ್ಲ. ನಿಮ್ಮ ಇಂಜಿನ್‌ಗೆ ಕಂಪನಿಯೇ 71 ಕೊಟ್ಟಿದ್ದರೆ ಅದನ್ನೇ ಹಾಕಿ, ಬಿಸಿಯಾಗುತ್ತದೆ ಎಂದು ಸುಮ್ನೆ ನಂಬರ್ ಬದಲಿಸಬೇಡಿ.

ಕೂರಿಸುವಾಗ ವಾಲ್ವ್ ಅಂಚಿನಲ್ಲಿ ಅಲ್ಲಾಡುವ ಚಿಕ್ಕ ಪಿನ್ ಇದ್ದರೆ ಅದು ಮೇಲ್ಗಡೆ ಬರಲಿ. ನೀರು ತುಂಬುವಾಗ ಒಳಗಿನ ಗಾಳಿ ಹೊರಗೆ ಹೋಗುವುದು ಅಲ್ಲಿಂದಲೇ.