ಕಾಂಪ್ರಿಹೆನ್ಸಿವ್‌ಗೆ ನೆಟ್‌ವರ್ಕಿಂಗ್: ಪ್ಯಾಕೆಟ್ ಟ್ರೇಸರ್, ಜಿಎನ್‌ಎಸ್3, ಮಿನಿನೆಟ್

ಈ ಮೂರೂ ಲ್ಯಾಪ್‌ಟಾಪಿನೊಳಗೇ ಜಾಲ ಕಟ್ಟಿ ನೋಡುವ ತಂತ್ರಾಂಶಗಳು. ಪಿಎಚ್‌ಡಿ ಕಾಂಪ್ರಿಹೆನ್ಸಿವ್ ಪರೀಕ್ಷೆಗೆ ನೆಟ್‌ವರ್ಕಿಂಗ್ ತಗೊಂಡವರಿಗೆ ನನ್ನ ವೋಟು ಮಿನಿನೆಟ್‌ಗೆ. ಜೊತೆಗೆ ವೈರ್‌ಶಾರ್ಕ್ (ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ತಂತ್ರಾಂಶ), ಬರೆಯಲು ಒಂದು ನೋಟ್‌ಬುಕ್ಕು. ದುಡ್ಡು ಕೊಡಬೇಕಾದ್ದು ನೋಟ್‌ಬುಕ್ಕಿಗೆ ಮಾತ್ರ.

ಪ್ಯಾಕೆಟ್ ಟ್ರೇಸರ್ ಕೂಡ ಬಿಟ್ಟಿ, ಸಿಸ್ಕೊ ಖಾತೆ ಇದ್ದರೆ ಸಾಕು. ಸಬ್‌ನೆಟ್, ವಿಲ್ಯಾನ್ (ಜಾಲವನ್ನು ಭಾಗ ಮಾಡುವ ಬಗೆಗಳು), ಓಎಸ್‌ಪಿಎಫ್ (ರೂಟರ್‌ಗಳು ದಾರಿ ಹುಡುಕುವ ವಿಧಾನ) ಇವಕ್ಕೆ ಕೈ ಪಳಗಿಸಲು ಒಳ್ಳೇದು. ಆದರೆ ಎದುರು ಕೂತ ಸರ್ ರೂಟರ್ ಕಾನ್ಫಿಗರ್ ಮಾಡು ಅನ್ನಲ್ಲ, 'ವಿಂಡೋ ಇಲ್ಲೇ ಯಾಕೆ ಬಿತ್ತು' ಅಂತಾರೆ. ವಿಂಡೋ ಅಂದರೆ ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸಬಹುದಾದ ಪ್ಯಾಕೆಟ್‌ಗಳ ಸಂಖ್ಯೆ.

ಜಿಎನ್‌ಎಸ್3ಗೆ ರೂಟರ್ ಇಮೇಜ್ ನೀವೇ ಹೊಂದಿಸಬೇಕು. ನಾಲ್ಕೈದು ಎಬ್ಬಿಸಿದರೆ ಸಣ್ಣ ಲ್ಯಾಪ್‌ಟಾಪಿಗೆ ಏದುಸಿರು. ರಾಯಚೂರಿನ ಮೇ ಬಿಸಿಲಲ್ಲಿ ಫ್ಯಾನಿನ ಸದ್ದಿಗೇ ಓದು ಬೇಡ ಅನಿಸುತ್ತೆ. ಬಿಜಿಪಿ (ದೊಡ್ಡ ಜಾಲಗಳು ಒಂದಕ್ಕೊಂದು ದಾರಿ ತಿಳಿಸುವ ವಿಧಾನ) ಮೇಲೆ ಸಂಶೋಧನೆ ಮಾಡುವವರು ನೋಡಿಕೊಳ್ಳಲಿ.

ಮಿನಿನೆಟ್‌ನಲ್ಲಿ ಓಡುವುದು ಲಿನಕ್ಸ್ ಕರ್ನಲ್‌ನ ಅಸಲಿ ಟಿಸಿಪಿ, ಅಂದರೆ ಕಳಿಸಿದ್ದು ತಲುಪಿತೇ ಅಂತ ನೋಡಿ ವಿಂಡೋ ಏರಿಸಿ ಇಳಿಸುವ ವ್ಯವಸ್ಥೆ. ಎರಡು ಹೋಸ್ಟ್, ನಡುವೆ ಒಂದು ಸ್ವಿಚ್ ಸಾಕು. ಕಳಿಸುವ ಕಡೆಯ ಲಿಂಕಿಗೆ 20 ಮಿಲಿಸೆಕೆಂಡ್ ವಿಳಂಬ, ಪಡೆಯುವ ಕಡೆಯದಕ್ಕೆ 10 ಎಂಬಿಪಿಎಸ್, 20 ಪ್ಯಾಕೆಟ್‌ನ ಕ್ಯೂ. ವಿಳಂಬ ಮತ್ತು ಕ್ಯೂ ಒಂದೇ ಲಿಂಕಿಗೆ ಕೊಡಬೇಡಿ. ವಿಳಂಬಕ್ಕೆಂದು ತಡೆದಿಟ್ಟ ಪ್ಯಾಕೆಟ್‌ಗಳೂ ಕ್ಯೂ ಲೆಕ್ಕಕ್ಕೇ ಬೀಳುತ್ತವೆ.

ಈಗ ಲೆಕ್ಕ. ಹೋಗಿ ಬರಲು 40 ಮಿಲಿಸೆಕೆಂಡ್, ಅಂದರೆ 10 ಎಂಬಿಪಿಎಸ್‌ನಲ್ಲಿ ದಾರಿಯಲ್ಲಿ 50,000 ಬೈಟ್, 1500ರ ಸುಮಾರು 33 ಪ್ಯಾಕೆಟ್. ಕ್ಯೂನ 20 ಸೇರಿಸಿದರೆ ವಿಂಡೋ 53ರ ಹತ್ತಿರ ಬಂದಾಗ ಪ್ಯಾಕೆಟ್ ಬೀಳಬೇಕು, ಅಂದರೆ ಜಾಗವಿಲ್ಲದೆ ಕಳೆದುಹೋಗಬೇಕು. ಆಗ ವಿಂಡೋ ಅರ್ಧಕ್ಕಿಳಿದರೆ 26, 33ಕ್ಕಿಂತ ಕಮ್ಮಿ, ಹಾಗಾಗಿ ಲಿಂಕು ಸ್ವಲ್ಪ ಹೊತ್ತು ಖಾಲಿ. ಕ್ಯೂ ಎಷ್ಟಿರಬೇಕು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಆದರೆ ಮೊದಲ ಸಲ ಓಡಿಸಿದಾಗ 53ಕ್ಕೆ ಏನೂ ಬೀಳಲ್ಲ. ತಲೆ ತಿನ್ನುವುದು ಇದೇ. ವೈರ್‌ಶಾರ್ಕ್‌ನ ಲೆಂತ್ ಕಾಲಂ ನೋಡಿ: 1514 ಇರಬೇಕಾದಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆಗಳು. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಇದ್ದೂ ಇದೆಂಥ ಪ್ಯಾಕೆಟ್? ಸಿಪಿಯು ಕೆಲಸ ಉಳಿಸಲು ಕರ್ನಲ್ ಹಲವು ಸೆಗ್ಮೆಂಟ್‌ಗಳನ್ನು (ಟಿಸಿಪಿಯ ತುಂಡುಗಳನ್ನು) ಒಂದೇ ಗಂಟು ಕಟ್ಟಿ ಸಾಗಿಸುತ್ತೆ. ಕ್ಯೂ ಎಣಿಸುವುದು ಗಂಟುಗಳನ್ನ. 20 ಅಂದದ್ದು ಅದಕ್ಕಿಂತ ಹೆಚ್ಚು ಪ್ಯಾಕೆಟ್ ನುಂಗುತ್ತೆ.

ಎರಡೂ ಹೋಸ್ಟ್‌ನಲ್ಲಿ ಈಥ್‌ಟೂಲ್ ಆಜ್ಞೆಯಿಂದ ಈ ಗಂಟು ಕಟ್ಟುವ ಟಿಎಸ್‌ಒ, ಜಿಎಸ್‌ಒ, ಜಿಆರ್‌ಒ ಮೂರನ್ನೂ ಆಫ್ ಮಾಡಿ. ಒಂದನ್ನೇ ಆಫ್ ಮಾಡಿದರೆ ಗಂಟು ಇನ್ನೊಂದು ಬಾಗಿಲಿಂದ ಬರುತ್ತೆ. ಜಾಲ ಹೊಸದಾಗಿ ಎಬ್ಬಿಸಿದಾಗಲೆಲ್ಲ ಮತ್ತೆ ಮಾಡಬೇಕು, ಸ್ಕ್ರಿಪ್ಟಿಗೇ ಸೇರಿಸಿಬಿಡಿ. ಆಮೇಲೂ 53 ಅರ್ಧ ಆಗದೆ 37ಕ್ಕೆ ನಿಂತರೆ ಓಡುತ್ತಿರುವುದು ಟಿಸಿಪಿಯ ಕ್ಯೂಬಿಕ್ ಅನ್ನೋ ಬಗೆ, ಅದು ವಿಂಡೋವನ್ನು 0.7 ಪಟ್ಟಿಗೆ ಇಳಿಸುತ್ತೆ. ಸಿಸ್‌ಸಿಟಿಎಲ್ ಆಜ್ಞೆಯಲ್ಲಿ ರೆನೊ (ಅರ್ಧಕ್ಕಿಳಿಸುವ ಬಗೆ) ಅಂತ ಬದಲಿಸಿ.

ದುಡ್ಡು ಕೊಟ್ಟು ನೋಡುವ ವಿಡಿಯೋ ಕೋರ್ಸು? ನೋಡುವಾಗ ಎಲ್ಲ ತಿಳಿದಂಗೆ ಇರುತ್ತೆ, ಅಷ್ಟೇ.

ಕಪ್ಪು ತೆರೆ, ಟೈಪಿಂಗ್ ಅಂದರೆ ಅಲರ್ಜಿ ಇದ್ದವರು ಪ್ಯಾಕೆಟ್ ಟ್ರೇಸರ್‌ನಲ್ಲೇ ಇರಲಿ. ಉಳಿದವರಿಗೆ ಮಿನಿನೆಟ್: ಕರೆಂಟು ಹೋಗಿ ಬಂದರೂ ಅದೇ ಸ್ಕ್ರಿಪ್ಟು, ಅದೇ ಜಾಲ. ನೋಟ್‌ಬುಕ್ಕು ಯಾಕೆ ಅಂದರೆ, ಪರೀಕ್ಷೆಯ ರೆನೊದಲ್ಲಿ ವಿಂಡೋ 1ರಿಂದ ಶುರು, ಲಿನಕ್ಸ್‌ನಲ್ಲಿ 10ರಿಂದ. ವಿಂಡೋ 12 ಇದ್ದಾಗ ಮೂರು ನಕಲು ಎಸಿಕೆ (ತಲುಪಿತು ಅನ್ನುವ ಉತ್ತರ) ಬಂದರೆ ಮಿತಿ 6, ವಿಂಡೋ 6+3=9, ಚೇತರಿಸಿದ ಮೇಲೆ 6. ಟಾಹೊ ಅನ್ನೋ ಹಳೆಯ ಬಗೆ ಆದರೆ ನೇರ 1ಕ್ಕೆ. ಈ 9 ಲಿನಕ್ಸ್‌ನಲ್ಲಿ ಕಾಣಲ್ಲ, ಕೈಯಲ್ಲೇ ಬರೆದು ನೋಡಬೇಕು.