ಸಮುರಾಯ್ ಜ್ಯಾಕ್ ಪೂರ್ತಿ ಬ್ಲೂ-ರೇ ಸೆಟ್: ನೋಡಿ ಮುಗಿಸಿದ ಮೇಲೆ

ಸಮುರಾಯ್ ಜ್ಯಾಕ್ ಕಾರ್ಟೂನ್ ಸರಣಿಯ ಐದೂ ಸೀಸನ್, ಒಟ್ಟು 62 ಕಂತು, ಒಂದೇ ಡಬ್ಬದಲ್ಲಿ. ಇದನ್ನು ಸೃಷ್ಟಿಸಿದ ಗೆಂಡಿ ಟಾರ್ಟಕೋವ್‌ಸ್ಕಿ ಕೆಲಸ ಇಷ್ಟಪಡೋರಿಗೆ ಇದು ಕೊಳ್ಳಲೇಬೇಕಾದ ಸೆಟ್. ಮಾಸ್ಕೋದಲ್ಲಿ ಹುಟ್ಟಿ, ಚಿಕ್ಕ ಹುಡುಗನಾಗಿದ್ದಾಗಲೇ ಮನೆಯವರ ಜೊತೆ ಅಮೆರಿಕಕ್ಕೆ ಬಂದವರು ಇವರು. 1996ರಲ್ಲಿ ಡೆಕ್ಸ್‌ಟರ್ಸ್ ಲ್ಯಾಬೊರೇಟರಿ ಅನ್ನೋ ಕಾರ್ಟೂನಿನಿಂದ ಹೆಸರು ಮಾಡಿದರು. ಅದರಲ್ಲಿ ಮಾತು ಜಾಸ್ತಿ, ನಗು ಜಾಸ್ತಿ. 2001ರಲ್ಲಿ ಶುರುವಾದ ಸಮುರಾಯ್ ಜ್ಯಾಕ್‌ನಲ್ಲಿ ಮೌನವೇ ಜಾಸ್ತಿ.

ಮೊದಲ ಸೀಸನ್ನಿನ ಮೂವರು ಕುರುಡು ಬಿಲ್ಲುಗಾರರ ಕಂತು ನೋಡಿ. ಜ್ಯಾಕ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಮದಲ್ಲಿ ಕೂರುತ್ತಾನೆ, ಪರದೆಯ ಮೇಲೆ ಏನೂ ನಡೆಯುತ್ತಿಲ್ಲ ಅನ್ನಿಸುವಾಗಲೇ ಒಂದೊಂದಾಗಿ ಸಣ್ಣ ಸದ್ದುಗಳು ಕೇಳಿಸೋಕೆ ಶುರುವಾಗುತ್ತವೆ, ನಾವೂ ಉಸಿರು ಬಿಗಿಹಿಡಿದು ಅವನ ಜೊತೆ ಕಿವಿಗೊಡುತ್ತೇವೆ. ಟೀವಿ ಕಾರ್ಟೂನಿನಲ್ಲಿ ಇಷ್ಟು ಧೈರ್ಯ ಯಾರಿಗಿರುತ್ತೆ ಹೇಳಿ?

ಇನ್ನೊಂದು ವಿಷಯ, ಪಾತ್ರಗಳ ಸುತ್ತ ಕಪ್ಪು ಗೆರೆ ಇಲ್ಲ. ಬರೀ ಬಣ್ಣದ ಆಕಾರಗಳು. ದೊಡ್ಡ ಪರದೆಯಲ್ಲಿ ಅದು ಎದ್ದು ಕಾಣುತ್ತೆ. ಮೊದಲ ನಾಲ್ಕು ಸೀಸನ್ ಹಳೇ ಟೀವಿಯ ಚೌಕಟ್ಟಿನಲ್ಲೇ ಇವೆ, ಅಕ್ಕಪಕ್ಕ ಜಾಗ ಖಾಲಿ. ನನಗೆ ಅದೇನೂ ತೊಂದರೆ ಅನ್ನಿಸಲಿಲ್ಲ.

2017ರ ಐದನೇ ಸೀಸನ್ ದೊಡ್ಡವರಿಗಾಗಿ ಮಾಡಿದ್ದು. ರಕ್ತ ಇದೆ, ಸೋತ ಜ್ಯಾಕ್ ಇದ್ದಾನೆ. ಮೊದಲ ಮೂರು ಕಂತು ಅದ್ಭುತ. ಆದರೆ ಹತ್ತೇ ಕಂತು ಅಲ್ವಾ, ಕೊನೆಯದರಲ್ಲಿ ಎಲ್ಲವೂ ಓಡುತ್ತೆ. ಜ್ಯಾಕ್‌ನ ಶತ್ರು ಆಕು ಪಾತ್ರಕ್ಕೆ ಮೊದಲು ದನಿ ಕೊಟ್ಟಿದ್ದ ಮಾಕೋ 2006ರಲ್ಲೇ ತೀರಿಕೊಂಡಿದ್ದರು. ಈ ಸೀಸನ್ನಿನಲ್ಲಿ ಅವರ ಬದಲು ದನಿ ಕೊಟ್ಟ ಗ್ರೆಗ್ ಬಾಲ್ಡ್ವಿನ್ ಚೆನ್ನಾಗೇ ಮಾಡಿದ್ದಾರೆ, ಆದರೂ ಆ ಹಳೇ ಗುಡುಗು ನೆನಪಾಗುತ್ತಲೇ ಇರುತ್ತೆ.